ಸಿಮ್ ನೋಡಿ ಫೋನ್ ಕೊಳ್ಳಿ: ಬದಿಯಡ್ಕದ ಬೈಲಿನಲ್ಲಿ ರೆಡ್ಮಿ ಎ4 5ಜಿ ಮತ್ತು ಗ್ಯಾಲಕ್ಸಿ ಎಫ್06 5ಜಿ

ಹತ್ತು ಸಾವಿರ ರೂಪಾಯಿಯ ಒಳಗೆ 5ಜಿ ಫೋನ್ ಹುಡುಕುವವರಿಗೆ ಆಯ್ಕೆಗಳು ಹಲವಿದ್ದರೂ, ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆಯಲ್ಲಿ ಚರ್ಚೆ ಕೊನೆಗೆ ಎರಡು ಮಾದರಿಗಳಲ್ಲಿ ಬಂದು ನಿಂತಿತು. ಒಂದು, 2024ರ ನವೆಂಬರಿನಲ್ಲಿ ಬಿಡುಗಡೆಯಾದ ರೆಡ್ಮಿ ಎ4 5ಜಿ. ಇನ್ನೊಂದು, 2025ರ ಫೆಬ್ರವರಿಯಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಫ್06 5ಜಿ. ಮೊದಲನೆಯದನ್ನು ನನಗೂ ಎರಡನೆಯದನ್ನು ಅಣ್ಣನಿಗೂ ಎಂದು ತಂದು, ಸಿಮ್ಮುಗಳನ್ನು ಅದಲುಬದಲು ಮಾಡಿ, ತೋಟ, ಪೇಟೆ, ಮಂಗಳೂರಿನ ಬಸ್ಸು ಎಲ್ಲ ಕಡೆಯೂ ಬಳಸಿ ನೋಡಿದ ಮೇಲೆ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಬಿಡುಗಡೆಯ ಸಮಯದಲ್ಲಿ ರೆಡ್ಮಿಯ 64 ಜಿಬಿ ಸಂಗ್ರಹದ ಮಾದರಿಗೆ 8,499 ರೂಪಾಯಿ, 128 ಜಿಬಿಯದಕ್ಕೆ 9,499 ರೂಪಾಯಿ ಇತ್ತು. ಸ್ಯಾಮ್‌ಸಂಗ್‌ನಲ್ಲಿ 4 ಜಿಬಿ ರ‍್ಯಾಮ್ ಮತ್ತು 128 ಜಿಬಿ ಸಂಗ್ರಹದ ಮಾದರಿಗೆ 9,999 ರೂಪಾಯಿ, 6 ಜಿಬಿ ರ‍್ಯಾಮಿನದಕ್ಕೆ 11,499 ರೂಪಾಯಿ. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು 8,499ರ ಅಂಕೆಯಾದರೂ, ಕುಟುಂಬದ ವಾಟ್ಸಾಪ್ ಗುಂಪುಗಳೂ ಮದುವೆಯ ವೀಡಿಯೊಗಳೂ ತುಂಬುವ ವೇಗವನ್ನು ಬಲ್ಲವರು 64 ಜಿಬಿಯ ಕಡೆಗೆ ಹೋಗಬಾರದೆಂದೇ ನನ್ನ ಅಭಿಪ್ರಾಯ. ಹಾಗಾಗಿ ನಿಜವಾದ ಸ್ಪರ್ಧೆ 128 ಜಿಬಿಯ ಎರಡು ಮಾದರಿಗಳ ನಡುವೆ, ಅಂತರ ಐನೂರು ರೂಪಾಯಿ. ಆ ಐನೂರನ್ನು ಚಾರ್ಜರಿನ ಲೆಕ್ಕ ಹೇಗೆ ಏರುಪೇರು ಮಾಡುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕಿಂತ ಮುಖ್ಯವಾದ ಸಂಗತಿ ಸಿಮ್ಮಿನದು.

ಫೋನ್ ವಿಚಾರಿಸಲು ಹೋದ ಒಂದು ಅಂಗಡಿಯಲ್ಲಿ, ಇದರಲ್ಲಿ ಯಾವ ಸಿಮ್ ಹಾಕಿದರೂ 5ಜಿ ಬರುತ್ತದೆಯೇ ಎಂದು ಕೇಳಿದಾಗ, "5ಜಿ ಅಂದ್ರೆ 5ಜಿ, ಯಾವುದಾದ್ರೂ ಆಗ್ತದೆ" ಎಂಬ ಉತ್ತರ ಸಿಕ್ಕಿತು. ಆಗುವುದಿಲ್ಲ. 5ಜಿ ಜಾಲವನ್ನು ಎರಡು ಬಗೆಯಲ್ಲಿ ಕಟ್ಟುತ್ತಾರೆ. ಪೂರ್ತಿ ತನ್ನದೇ ಆದ 5ಜಿ ವ್ಯವಸ್ಥೆಯ ಮೇಲೆ ನಡೆಯುವುದು ಸ್ಟ್ಯಾಂಡ್‌ಅಲೋನ್. ಈಗಾಗಲೇ ಇರುವ 4ಜಿ ಜಾಲವನ್ನು ಆಧಾರವಾಗಿ ಹಿಡಿದು ಅದರ ಮೇಲೆ 5ಜಿಯನ್ನು ಕೂರಿಸುವುದು ನಾನ್-ಸ್ಟ್ಯಾಂಡ್‌ಅಲೋನ್. 2022ರ ಅಕ್ಟೋಬರಿನಲ್ಲಿ ದೇಶದಲ್ಲಿ 5ಜಿ ಆರಂಭವಾದಾಗ ಜಿಯೋ ಮೊದಲನೆಯ ದಾರಿಯನ್ನೂ ಏರ್‌ಟೆಲ್ ಎರಡನೆಯ ದಾರಿಯನ್ನೂ ಹಿಡಿದವು. ರೆಡ್ಮಿ ಎ4 5ಜಿಯ ಅಧಿಕೃತ ವಿವರಪಟ್ಟಿಯಲ್ಲಿ ಇರುವುದು ಸ್ಟ್ಯಾಂಡ್‌ಅಲೋನ್ 5ಜಿ ಮಾತ್ರ. ಸ್ಯಾಮ್‌ಸಂಗ್ ಎಫ್06 ಎರಡು ಬಗೆಗೂ ಹೊಂದುತ್ತದೆ, 5ಜಿಯ 12 ಬ್ಯಾಂಡುಗಳನ್ನು, ಅಂದರೆ ತರಂಗಗಳ ಪಟ್ಟಿಗಳನ್ನು, ಹಿಡಿಯುತ್ತದೆ. ಕಾಸರಗೋಡಿನ ಹೊಸ ಬಸ್ ನಿಲ್ದಾಣದ ಬಳಿ ಅಣ್ಣನ ಏರ್‌ಟೆಲ್ ಸಿಮ್ಮನ್ನು ಎರಡರಲ್ಲೂ ಹಾಕಿ ನೋಡಿದಾಗ, ಸ್ಯಾಮ್‌ಸಂಗ್ 5ಜಿ ತೋರಿಸಿತು, ರೆಡ್ಮಿ 4ಜಿಯಲ್ಲಿ ನಿಂತಿತು. ವಿವರಪಟ್ಟಿ ಹೇಳಿದ್ದೂ ಅದನ್ನೇ. ನನ್ನ ಜಿಯೋ ಸಿಮ್ಮಿಗೆ ಎರಡರಲ್ಲೂ 5ಜಿ ಬಂತು.

4ಜಿಯಲ್ಲಿಯೂ ಯುಪಿಐ, ವಾಟ್ಸಾಪ್, ಯೂಟ್ಯೂಬ್ ಎಲ್ಲವೂ ನಡೆಯುತ್ತವೆ, ಮತ್ತೇಕೆ ಇಷ್ಟು ತಲೆಕೆಡಿಸಿಕೊಳ್ಳಬೇಕು ಎಂದು ಕೇಳಬಹುದು. ಕಾರಣ ವೇಗವಲ್ಲ, ದುಡ್ಡು. 2024ರ ಜುಲೈಯಲ್ಲಿ ದರ ಏರಿಸಿದ ಮೇಲೆ ಎರಡೂ ಕಂಪನಿಗಳು ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಹೆಚ್ಚಿನ ಡೇಟಾ ಇರುವ ರೀಚಾರ್ಜುಗಳಿಗೆ ಅನಿಯಮಿತ 5ಜಿಯನ್ನು ಜೋಡಿಸಿದವು. ಅಂಥ ರೀಚಾರ್ಜ್ ಮಾಡಿಸಿಕೊಂಡು, ಫೋನು 4ಜಿಯಲ್ಲೇ ಉಳಿದರೆ, ದಿನದ 2 ಜಿಬಿ ಕರಗುತ್ತಾ ಹೋಗುತ್ತದೆ, ಅನಿಯಮಿತ ಎಂಬ ಸೌಲಭ್ಯ ಸಿಗುವುದೇ ಇಲ್ಲ. ಫೋನಿನಲ್ಲಿ ಉಳಿಸಿದ ಐನೂರು ರೂಪಾಯಿಯನ್ನು ರೀಚಾರ್ಜಿನಲ್ಲಿ ಹೀಗೆ ಕಳೆದುಕೊಳ್ಳುವುದು ಜಾಣತನವಲ್ಲ.

ಇದರ ಇನ್ನೊಂದು ಮುಖ ಬೈಲಿನಲ್ಲಿ ವಾಸಿಸುವವರಿಗೆ ಸಂಬಂಧಿಸಿದ್ದು. ನಮ್ಮಲ್ಲಿ ಅಡಿಕೆ ತೋಟಗಳಿರುವುದು ಎರಡು ಗುಡ್ಡೆಗಳ ನಡುವಿನ ತಗ್ಗಿನಲ್ಲಿ, ಮನೆಗಳು ಅದರ ಅಂಚಿನಲ್ಲಿ, ಗೋಡೆಗಳು ಮುರಕಲ್ಲಿನವು. 3300 ಮೆಗಾಹರ್ಟ್ಸ್ ತರಂಗಗಳು ಪೇಟೆಯಲ್ಲಿ ಚುರುಕಾಗಿರುತ್ತವೆಯೇ ಹೊರತು ಗುಡ್ಡೆ ದಾಟಿ, ಗೋಡೆ ತೂರಿ ಒಳಗೆ ಬರುವ ಶಕ್ತಿ ಅವುಗಳಿಗೆ ಕಡಿಮೆ. 700 ಮೆಗಾಹರ್ಟ್ಸ್ ತರಂಗಗಳು ದೂರ ಹೋಗುತ್ತವೆ. 2022ರ ತರಂಗಾಂತರ ಹರಾಜಿನಲ್ಲಿ ಅವನ್ನು ಕೊಂಡದ್ದು ಜಿಯೋ ಮಾತ್ರ. ಎರಡೂ ಫೋನುಗಳ ವಿವರಪಟ್ಟಿಯಲ್ಲಿ ಎನ್28 ಎಂದು ಕಾಣುವುದು ಇದೇ ಬ್ಯಾಂಡ್. ಹಾಗಾಗಿ ಜಿಯೋ ಸಿಮ್ ಇದ್ದವರು ಈ ಎರಡು ಫೋನುಗಳ ನಡುವೆ ರೇಂಜ್ ವಿಷಯದಲ್ಲಿ ಚಿಂತಿಸಬೇಕಾಗಿಲ್ಲ. ನಮ್ಮ ಮನೆಯ ಜಗಲಿಯಲ್ಲಿ ಎರಡೂ ಒಂದೇ ಕಡ್ಡಿಗಳನ್ನು ತೋರಿಸಿದವು, ಅಡುಗೆಮನೆಯಲ್ಲಿ ಎರಡೂ ಒಟ್ಟಿಗೇ ಸೋತವು. ಅಲ್ಲಿ ನೆರವಾದದ್ದು, ಮನೆಯ ಇಂಟರ್ನೆಟ್ಟಿನ ಮೂಲಕವೇ ಕರೆಯನ್ನು ಸಾಗಿಸುವ ವೈಫೈ ಕಾಲಿಂಗ್. 2023ರ ಜೂನಿನಲ್ಲಿ ಉದ್ಘಾಟನೆಯಾದ, ಕೇರಳ ಸರಕಾರದ ಇಂಟರ್ನೆಟ್ ಜಾಲ ಕೆ-ಫೋನ್ ಆಗಲಿ, ಸ್ಥಳೀಯ ಕೇಬಲಿನವರ ಫೈಬರ್ ಆಗಲಿ ಮನೆಗೆ ಬಂದಿದ್ದರೆ, ಸೆಟ್ಟಿಂಗಿನಲ್ಲಿ ಈ ಒಂದು ಗುಂಡಿಯನ್ನು ಒತ್ತಿಡುವುದರಿಂದ ಆಗುವ ಪ್ರಯೋಜನ ದುಬಾರಿ ಫೋನ್ ಕೊಂಡರೂ ಆಗದು. ಕರೆ ಬಂದಾಗಲೆಲ್ಲ ಅಂಗಳಕ್ಕೆ ಓಡುವ ಅಭ್ಯಾಸ ನಮ್ಮ ಮನೆಯಲ್ಲಿ ಹಾಗೆ ನಿಂತಿತು.

ಇನ್ನು ಚಾರ್ಜರಿನ ಲೆಕ್ಕ. ರೆಡ್ಮಿಯ ಪೆಟ್ಟಿಗೆಯಲ್ಲಿ 33 ವ್ಯಾಟಿನ ಚಾರ್ಜರ್ ಬರುತ್ತದೆ; ಫೋನು ಸ್ವೀಕರಿಸುವುದು ಮಾತ್ರ 18 ವ್ಯಾಟ್. ಸ್ಯಾಮ್‌ಸಂಗ್ 25 ವ್ಯಾಟ್ ಸ್ವೀಕರಿಸುತ್ತದೆ, ಆದರೆ ಪೆಟ್ಟಿಗೆಯಲ್ಲಿ ಚಾರ್ಜರ್ ಇಲ್ಲ, ಕೇಬಲ್ ಮಾತ್ರ ಇದೆ. ಆ 25 ವ್ಯಾಟ್ ನಿಜವಾಗಿ ಸಿಗಬೇಕಾದರೆ ಪಿಪಿಎಸ್ ಎಂಬ ವ್ಯವಸ್ಥೆಯಿರುವ ಟೈಪ್-ಸಿ ಚಾರ್ಜರ್ ಬೇಕು; ಹಳೆಯ ಫೋನಿನ ಸಾಮಾನ್ಯ ಚಾರ್ಜರ್ ಹಾಕಿದರೆ ಬ್ಯಾಟರಿ ತುಂಬುತ್ತದೆ, ನಿಧಾನವಾಗಿ. ಒಳ್ಳೆಯ ಚಾರ್ಜರನ್ನು ಬೇರೆಯಾಗಿ ಕೊಂಡರೆ ಐನೂರರ ಅಂತರ ಸಾವಿರದ ಮೇಲೆ ಹೋಗಿಬಿಡುತ್ತದೆ. ಮನೆಯಲ್ಲಿ ಈಗಾಗಲೇ ಅಂಥ ಚಾರ್ಜರ್ ಇದ್ದವರಿಗೆ ಈ ಖರ್ಚಿಲ್ಲ, ಇಲ್ಲದವರು ಇದನ್ನು ಫೋನಿನ ಬೆಲೆಗೇ ಸೇರಿಸಿ ನೋಡಬೇಕು.

ಬ್ಯಾಟರಿಯ ಗಾತ್ರದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ: ರೆಡ್ಮಿಯದು 5,160 ಎಂಎಎಚ್, ಸ್ಯಾಮ್‌ಸಂಗ್‌ನದು 5,000. ಸಾಧಾರಣ ಬಳಕೆಯಲ್ಲಿ ಎರಡೂ ಬೆಳಗಿನಿಂದ ರಾತ್ರಿಯ ತನಕ ಆರಾಮವಾಗಿ ಬಂದವು. ಚಾರ್ಜಿಂಗ್ ವೇಗಕ್ಕೆ ನಮ್ಮೂರಿನಲ್ಲಿ ಇರುವ ಬೆಲೆಯೇ ಬೇರೆ. ಮಳೆ ಜೋರಾಗಿರುವ ಆಟಿ ತಿಂಗಳಿನಲ್ಲಿ ಮರದ ಗೆಲ್ಲು ತಂತಿಯ ಮೇಲೆ ಬಿದ್ದು ಕರೆಂಟು ಹೋದರೆ ಬರುವ ಹೊತ್ತನ್ನು ಹೇಳಲಾಗದು; ತುಲಾ ತಿಂಗಳಿನ ಮಧ್ಯಾಹ್ನಗಳಲ್ಲಿ ಗುಡುಗು ಕೇಳಿಸಿದ ಕೂಡಲೇ ಸಿಡಿಲಿಗೆ ಹೆದರಿ ಪ್ಲಗ್ಗುಗಳನ್ನೆಲ್ಲ ಕಿತ್ತಿಡುತ್ತೇವೆ. ಸಿಕ್ಕಿದ ಸ್ವಲ್ಪ ಹೊತ್ತಿನಲ್ಲಿ ಎಷ್ಟು ತುಂಬಿಕೊಂಡಿತು ಎಂಬುದೇ ಅಂಥ ದಿನಗಳಲ್ಲಿ ಮುಖ್ಯ. ಸರಿಯಾದ ಚಾರ್ಜರ್ ಜೊತೆಗಿದ್ದಾಗ ಸ್ಯಾಮ್‌ಸಂಗ್ ಇಲ್ಲಿ ಮುಂದಿದೆ.

ಮಳೆಯ ಮಾತು ಬಂದದ್ದರಿಂದ ಇನ್ನೆರಡು ಸಂಗತಿಗಳನ್ನೂ ಇಲ್ಲೇ ಹೇಳಬಹುದು. ರೆಡ್ಮಿಗೆ ಧೂಳು ಮತ್ತು ನೀರನ್ನು ಎಷ್ಟು ತಡೆಯುತ್ತದೆಂದು ಹೇಳುವ ಐಪಿ52 ದರ್ಜೆ ಇದೆ. ಅದರ ಕೊನೆಯ ಅಂಕೆ ಹೇಳುವುದು, ಫೋನು ಸ್ವಲ್ಪ ವಾಲಿರುವಾಗ ಮೇಲಿನಿಂದ ತೊಟ್ಟಿಕ್ಕುವ ನೀರನ್ನು ತಡೆದುಕೊಳ್ಳುತ್ತದೆ ಎಂಬಷ್ಟನ್ನೇ. ಕೊಡೆಯ ಅಂಚಿನಿಂದ ಬೀಳುವ ಹನಿಗಳಿಗೆ ಅದು ಸಾಕು, ಜೂನಿನ ಗಾಳಿಮಳೆಗೆ ಸಾಲದು. ತೋಟಕ್ಕೆ ಹೋಗುವಾಗ ಎರಡೂ ಫೋನುಗಳಿಗೆ ಪ್ಲಾಸ್ಟಿಕ್ ತೊಟ್ಟೆಯೇ ಗತಿ. ಸ್ಯಾಮ್‌ಸಂಗ್‌ನಲ್ಲಿ ವಾಯ್ಸ್ ಫೋಕಸ್ ಎಂಬ ಸೌಲಭ್ಯವಿದೆ. ಮಾತನಾಡುವವರ ಸ್ವರವನ್ನು ಉಳಿಸಿಕೊಂಡು ಸುತ್ತಲಿನ ಸದ್ದನ್ನು ತಗ್ಗಿಸುವುದು ಅದರ ಕೆಲಸ. ಅಂಗಡಿಯ ಬೆಳಕಿನಲ್ಲಿ ನಿಂತು ಫೋನ್ ಆರಿಸುವಾಗ ಇದು ಯಾರ ಗಮನಕ್ಕೂ ಬರುವುದಿಲ್ಲ. ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುತ್ತಿರುವಾಗ ದುಬೈಯಲ್ಲಿರುವ ಮಗನೊಡನೆ ಮಾತನಾಡಿದ ಅತ್ತಿಗೆ, ಅವನು "ಈಗ ಕೇಳ್ತದೆ" ಎಂದದ್ದನ್ನು ಕೇಳಿ, ಈ ಫೋನನ್ನು ಯಾರಿಗೂ ಕೊಡುವುದಿಲ್ಲವೆಂದು ತೀರ್ಮಾನಿಸಿದರು. ನನ್ನ ಪಟ್ಟಿಯಲ್ಲಿ ಕ್ಯಾಮೆರಾಕ್ಕಿಂತ ಇದಕ್ಕೇ ಮೇಲಿನ ಸ್ಥಾನ.

ಪರದೆಯ ವಿಷಯದಲ್ಲಿ ರೆಡ್ಮಿಗೆ ನನ್ನ ಮತ. ಅದರದು 6.88 ಇಂಚು, 120 ಹರ್ಟ್ಸ್, ಅಂದರೆ ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವಂಥದ್ದು; ಸ್ಯಾಮ್‌ಸಂಗ್‌ನದು 6.7 ಇಂಚು, ಅಷ್ಟು ವೇಗದ್ದಲ್ಲ. ಎರಡೂ ಎಲ್‌ಸಿಡಿ, ಎರಡೂ ಎಚ್‌ಡಿ ಪ್ಲಸ್, ಆದ್ದರಿಂದ ಅಕ್ಷರಗಳ ಸ್ಫುಟತೆಯಲ್ಲಿ ಹೆಚ್ಚು ಕಡಿಮೆ ಎನ್ನುವಂತಿಲ್ಲ. ಕನ್ನಡದ ಒತ್ತಕ್ಷರಗಳನ್ನು ದೊಡ್ಡ ಗಾತ್ರದಲ್ಲಿಟ್ಟು ಪತ್ರಿಕೆ ಓದುವವರಿಗೆ ಆ ದೊಡ್ಡ ಪರದೆಯಲ್ಲಿ ಒಂದೆರಡು ಸಾಲು ಹೆಚ್ಚು ಸಿಗುತ್ತದೆ, ಸರಿಸುವಾಗ ಕಣ್ಣಿಗೂ ಹಿತ. ಆ ದೊಡ್ಡತನಕ್ಕೆ ಬೆಲೆಯೂ ಇದೆ: ರೆಡ್ಮಿ 212 ಗ್ರಾಂ ತೂಗುತ್ತದೆ, ಸ್ಯಾಮ್‌ಸಂಗ್ 191. ಅಂಕೆಯಲ್ಲಿ ಚಿಕ್ಕದಾದ ಈ ವ್ಯತ್ಯಾಸ ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಗ್ಗಿ ಅಡಿಕೆ ಹೆಕ್ಕುವಾಗ ತಿಳಿಯುತ್ತದೆ.

ಕ್ಯಾಮೆರಾದ ಬಗ್ಗೆ ಬಹಳ ಬರೆಯುವುದಕ್ಕೇನೂ ಇಲ್ಲ. ಹಿಂಬದಿಯಲ್ಲಿ ಎರಡಕ್ಕೂ 50 ಮೆಗಾಪಿಕ್ಸೆಲಿನ ಮುಖ್ಯ ಕ್ಯಾಮೆರಾ, ಮುಂಬದಿಯಲ್ಲಿ ರೆಡ್ಮಿಗೆ 5, ಸ್ಯಾಮ್‌ಸಂಗ್‌ಗೆ 8 ಮೆಗಾಪಿಕ್ಸೆಲ್. ಎಲೆಚುಕ್ಕಿ ರೋಗ ತಗುಲಿದ ಅಡಿಕೆ ಸೋಗೆಯ ಚಿತ್ರ ತೆಗೆದು ಕೃಷಿಭವನಕ್ಕೆ ಕಳುಹಿಸಲು, ಭೂತೆರಿಗೆಯ ರಶೀದಿಯ ಪ್ರತಿಯನ್ನು ಸರಕಾರಿ ಆನ್‌ಲೈನ್ ಸೇವೆಗಳ ಅಕ್ಷಯ ಕೇಂದ್ರದವರಿಗೆ ರವಾನಿಸಲು ಎರಡೂ ಧಾರಾಳ ಸಾಕು. ರಾತ್ರಿಯ ಬಯಲಾಟವನ್ನು ಚಿತ್ರೀಕರಿಸುವ ಆಸೆಯಿದ್ದವರು ಈ ಬೆಲೆಯಲ್ಲಿ ಕೈನಡುಕವನ್ನು ಸರಿಪಡಿಸುವ ಲೆನ್ಸ್ ವ್ಯವಸ್ಥೆ ಎರಡರಲ್ಲೂ ಇಲ್ಲವೆಂಬುದನ್ನು ತಿಳಿದಿರಲಿ.

ಗಡಿನಾಡಿನವರಿಗೆ ಬೇಕಾದ ಭಾಷೆಯ ಅನುಕೂಲಗಳು ಎರಡರಲ್ಲೂ ಸಮಾನ. ಇಡೀ ಫೋನನ್ನು ಕನ್ನಡದಲ್ಲಿ ಇಟ್ಟುಕೊಳ್ಳಬಹುದು. ಕೀಲಿಮಣೆಗೆ ಕನ್ನಡ, ಮಲಯಾಳ, ಇಂಗ್ಲಿಷ್ ಮೂರನ್ನೂ ಸೇರಿಸಬಹುದು. ಪಂಚಾಯತಿನಿಂದ ಮಲಯಾಳದಲ್ಲಿ ಮಾತ್ರ ಬಂದ ನೋಟೀಸಿನ ಮೇಲೆ ಗೂಗಲ್ ಲೆನ್ಸ್ ಹಿಡಿದರೆ ಒಟ್ಟಾರೆ ಅರ್ಥ ಕನ್ನಡದಲ್ಲಿ ಸಿಗುತ್ತದೆ. ಕನ್ನಡದ ನೋಟೀಸು ಪಡೆಯುವ ಹಕ್ಕನ್ನು ಕೇಳುವುದು ಬೇರೆ ವಿಷಯ, ಅದನ್ನು ಫೋನು ಮಾಡಿಕೊಡುವುದಿಲ್ಲ.

ಎಷ್ಟು ವರ್ಷ ಬಾಳಿಕೆ ಬರುತ್ತದೆ ಎಂಬುದು ಕಡೆಯ ಪ್ರಶ್ನೆ, ಆದರೆ ಸಣ್ಣ ಪ್ರಶ್ನೆಯಲ್ಲ. ರೆಡ್ಮಿಗೆ ಎರಡು ಆಂಡ್ರಾಯ್ಡ್ ಆವೃತ್ತಿಗಳ ಮೇಲ್ದರ್ಜೆ ಮತ್ತು ನಾಲ್ಕು ವರ್ಷಗಳ ಭದ್ರತಾ ಅಪ್‌ಡೇಟ್ ಸಿಗುತ್ತದೆಂದು ಕಂಪನಿ ಹೇಳಿದೆ. ಸ್ಯಾಮ್‌ಸಂಗ್ ನಾಲ್ಕು ಆವೃತ್ತಿ, ನಾಲ್ಕು ವರ್ಷ ಎಂದಿದೆ. ಬ್ಯಾಂಕಿನ ಆ್ಯಪ್ ಬಳಸುವವರಿಗೆ ಅಗತ್ಯವಾದ ಭದ್ರತಾ ಅಪ್‌ಡೇಟಿನಲ್ಲಿ ಇಬ್ಬರೂ ಸಮ ಎಂದಾಯಿತು. ಈ ನಾಲ್ಕು ವರ್ಷಗಳನ್ನು ಫೋನ್ ಮಾರುಕಟ್ಟೆಗೆ ಬಂದ ದಿನದಿಂದ ಎಣಿಸಬೇಕು, ನಾವು ಬಿಲ್ಲು ಮಾಡಿಸಿದ ದಿನದಿಂದಲ್ಲ. ಆ ಲೆಕ್ಕದಲ್ಲಿ ರೆಡ್ಮಿಯದು 2028ರ ಕೊನೆಗೆ, ಸ್ಯಾಮ್‌ಸಂಗ್‌ನದು 2029ರ ಆರಂಭಕ್ಕೆ ಮುಗಿಯುತ್ತದೆ. ತಡವಾಗಿ, ರಿಯಾಯಿತಿ ಬಂದಾಗ ಕೊಳ್ಳುವವರು ಬೆಲೆಯಲ್ಲಿ ಉಳಿಸಿದರೂ ವರ್ಷಗಳನ್ನು ಕಳೆದುಕೊಂಡಿರುತ್ತಾರೆ. ಇನ್ನು ನಾಲ್ಕು ಆವೃತ್ತಿಗಳ ಮಾತನ್ನು 4 ಜಿಬಿ ರ‍್ಯಾಮಿನ ಫೋನಿನಲ್ಲಿ ನಾನು ಅಷ್ಟು ದೊಡ್ಡ ಲಾಭವೆಂದು ಎಣಿಸುವುದಿಲ್ಲ. ಆವೃತ್ತಿ ಬದಲಾದಂತೆ ಹೊರೆ ಹೆಚ್ಚುತ್ತದೆ. ತೆಳ್ಳಗಿನ ಜೋಡೆತ್ತಿಗೆ ವರ್ಷವರ್ಷವೂ ಇನ್ನೊಂದು ಮೂಟೆ ಹೇರಿದಂತೆ. ಆ ಮಾತಿನ ಪೂರ್ಣ ಪ್ರಯೋಜನ ಬೇಕೆಂದರೆ 11,499ರ 6 ಜಿಬಿ ಮಾದರಿಯನ್ನೇ ಕೊಳ್ಳಬೇಕು, ಆಗ ಅದು ಹತ್ತು ಸಾವಿರದೊಳಗಿನ ಫೋನಾಗಿ ಉಳಿಯುವುದಿಲ್ಲ. ರೆಡ್ಮಿಯ ಸ್ನಾಪ್‌ಡ್ರ್ಯಾಗನ್ 4ಎಸ್ ಜೆನ್ 2 ಮತ್ತು ಸ್ಯಾಮ್‌ಸಂಗ್‌ನ ಡೈಮೆನ್ಸಿಟಿ 6300 ಪ್ರೊಸೆಸರುಗಳ ನಡುವೆ ದಿನನಿತ್ಯದ ಕೆಲಸದಲ್ಲಿ ನನಗೆ ಹೆಚ್ಚಿನ ಭೇದ ಕಾಣಲಿಲ್ಲ.

ಹೀಗಾಗಿ ಏರ್‌ಟೆಲ್ ಸಿಮ್ ಬಿಡಲು ಮನಸ್ಸಿಲ್ಲದವರಿಗೆ ನಾನು ಸ್ಯಾಮ್‌ಸಂಗನ್ನು ಹೇಳುತ್ತೇನೆ, ಚಾರ್ಜರಿನ ಖರ್ಚನ್ನು ಸೇರಿಸಿಯೂ. ಜಿಯೋ ಇದ್ದು, ಮನೆಯಲ್ಲಿ ಹೊಸ ಚಾರ್ಜರ್ ಇಲ್ಲದೆ, ಫೋನಿನಲ್ಲಿ ಓದುವುದೇ ಹೆಚ್ಚಾಗಿರುವವರಿಗೆ 128 ಜಿಬಿಯ ರೆಡ್ಮಿ ಹೆಚ್ಚು ಬೆಲೆಬಾಳುತ್ತದೆ. ನಾನು ಅದನ್ನೇ ಇಟ್ಟುಕೊಂಡೆ. ಗುಡ್ಡೆಯ ಆಚೆ ಬೇರೆ ಯಾವುದಕ್ಕೂ ರೇಂಜ್ ಸಿಗದೆ ಬಿಎಸ್‌ಎನ್‌ಎಲ್ 4ಜಿಯನ್ನೇ ನೆಚ್ಚಿಕೊಂಡವರಿಗೆ ಈ ಸ್ಟ್ಯಾಂಡ್‌ಅಲೋನ್ ತಕರಾರೇ ಇಲ್ಲ. ಅವರು 5ಜಿಯ ಹೆಸರಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡದೆ, ಕರೆಯ ಸ್ಪಷ್ಟತೆ ಮುಖ್ಯವೋ ಪರದೆಯ ಗಾತ್ರ ಮುಖ್ಯವೋ ಎಂಬುದನ್ನು ಮಾತ್ರ ನೋಡಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು.