ಐಇಎಲ್‌ಟಿಎಸ್, ಪಿಟಿಇ, ಸಿ1 ಅಡ್ವಾನ್ಸ್ಡ್: ಮೂರನ್ನೂ ಬರೆದ ಮೇಲೆ

ಹದಿನಾಲ್ಕು ತಿಂಗಳ ಅವಧಿಯಲ್ಲಿ ನಾನು ಮೂರು ಇಂಗ್ಲಿಷ್ ಪರೀಕ್ಷೆಗಳಿಗೆ ಕುಳಿತೆ. ಐಇಎಲ್‌ಟಿಎಸ್ ಅಕಾಡೆಮಿಕ್ ಮತ್ತು ಪಿಟಿಇ ಅಕಾಡೆಮಿಕ್ ಎರಡೂ ವಿದೇಶದಲ್ಲಿ ಸ್ನಾತಕೋತ್ತರ ಓದಿಗೆ ಅರ್ಜಿ ಹಾಕಲು ಬೇಕಾಗಿದ್ದವು. ಕೇಂಬ್ರಿಡ್ಜ್‌ನ ಸಿ1 ಅಡ್ವಾನ್ಸ್ಡ್ ಬರೆದದ್ದು ಮಾತ್ರ, ನಿಜ ಹೇಳಬೇಕೆಂದರೆ, ಹಟಕ್ಕೆ. ಟೋಫೆಲ್ ಎಂಬ ಇನ್ನೊಂದು ಇಂಗ್ಲಿಷ್ ಪರೀಕ್ಷೆಯನ್ನು ಬರೆದಿಲ್ಲವಾದ್ದರಿಂದ ಅದರ ಪ್ರಸ್ತಾಪ ಇಲ್ಲಿಲ್ಲ.

ಐಇಎಲ್‌ಟಿಎಸ್‌ನಲ್ಲಿ ಕೇಳುವುದು, ಓದುವುದು, ಮಾತನಾಡುವುದು ಮೂರರಲ್ಲೂ 7.5ಕ್ಕೆ ಕಡಿಮೆ ಬರಲಿಲ್ಲ, ಬರವಣಿಗೆಯಲ್ಲಿ ಮಾತ್ರ 6.5ಕ್ಕೆ ನಿಂತೆ. ವಿಶ್ವವಿದ್ಯಾಲಯ ಪ್ರತಿ ವಿಭಾಗದಲ್ಲೂ 7 ಕೇಳಿತ್ತು. ತಪ್ಪು ನನ್ನದೇ: 60 ನಿಮಿಷದಲ್ಲಿ ಎರಡು ಉತ್ತರ ಬರೆಯಬೇಕಾದಲ್ಲಿ, ಎರಡನೆಯ ಪ್ರಬಂಧಕ್ಕೆ ಮೊದಲನೆಯದರ ಎರಡು ಪಟ್ಟು ತೂಕವಿದೆ ಎಂದು ಗೊತ್ತಿದ್ದೂ, ಮೊದಲ ಪ್ರಶ್ನೆಯ ನಕ್ಷೆಯನ್ನು ವಿವರಿಸುತ್ತಾ ಅರ್ಧ ಗಂಟೆ ಕಳೆದಿದ್ದೆ. ಆದರೆ ಅದೇ ಪರೀಕ್ಷೆಯ ಮಾತಿನ ಭಾಗ ನನಗೆ ಬಹಳ ಹಿತವೆನಿಸಿತು. ಎದುರಿಗೆ ಒಬ್ಬ ಪರೀಕ್ಷಕಿ, 11ರಿಂದ 14 ನಿಮಿಷ, ನಡುವೆ ಒಂದು ಚೀಟಿ ಕೊಟ್ಟು ಯೋಚಿಸಲು ಒಂದು ನಿಮಿಷ. ನನಗೆ ಬಂದದ್ದು ಏನನ್ನಾದರೂ ಕಲಿಸಿದ ಹಿರಿಯರ ಬಗ್ಗೆ. ಅಜ್ಜಿ ಹಪ್ಪಳ ಮಾಡಲು ಕಲಿಸಿದ್ದನ್ನು ಹೇಳತೊಡಗಿ, ಒನಕೆ ಎನ್ನುವುದಕ್ಕೆ ಇಂಗ್ಲಿಷ್ ಪದ ಸಿಗದೆ ತಡವರಿಸಿದೆ, ಆಕೆ ಕಾದರು, ನಾನು ಕೈಯಾಡಿಸುತ್ತಾ, ಎದೆಯೆತ್ತರದ ಮರದ ಕೋಲು, ಅದರಿಂದ ಹಿಟ್ಟು ಕುಟ್ಟುತ್ತಾರೆ ಎಂದು ಸುತ್ತಿ ಬಳಸಿ ದಾಟಿಕೊಂಡೆ.

ಪಿಟಿಇಯಲ್ಲಿ ಈ ಕಾಯುವಿಕೆ ಇಲ್ಲ. ಕಿವಿಗೆ ಹೆಡ್‌ಸೆಟ್, ಮುಂದೆ ಪರದೆ, ಸುತ್ತಲಿನ ಅಭ್ಯರ್ಥಿಗಳೆಲ್ಲ ಒಟ್ಟಿಗೇ ಮಾತನಾಡುವುದರಿಂದ ಕೋಣೆಯಲ್ಲಿ ಸಂತೆಯ ಗದ್ದಲ. ಒಂದು ಚಿತ್ರವನ್ನು 25 ಸೆಕೆಂಡು ನೋಡಿ 40 ಸೆಕೆಂಡು ವಿವರಿಸಬೇಕು. ನಡುವೆ ಮೂರು ಸೆಕೆಂಡು ಸುಮ್ಮನಾದರೆ ಮೈಕ್ ಮುಚ್ಚಿಕೊಳ್ಳುತ್ತದೆ. ಯೋಚಿಸಿ ಮಾತನಾಡುವ ನನ್ನ ಅಭ್ಯಾಸಕ್ಕೆ ಇದು ದೊಡ್ಡ ಪೆಟ್ಟು. ಎರಡನೆಯ ಚಿತ್ರಕ್ಕೇ ಮೈಕ್ ಮುಚ್ಚಿತು, ಉಳಿದ ಅರ್ಧ ವಾಕ್ಯ ನನ್ನ ಬಾಯಲ್ಲೇ ಉಳಿಯಿತು. 10ರಿಂದ 90ರ ಅಳತೆಯಲ್ಲಿ ಮಾತಿಗೆ 62 ಬಂದರೆ, ಐಇಎಲ್‌ಟಿಎಸ್‌ನಲ್ಲಿ ಕೈಕೊಟ್ಟಿದ್ದ ಬರವಣಿಗೆಗೆ 79 ಬಂದಿತ್ತು. ಕೇಳಿದ ವಾಕ್ಯವನ್ನು ಹಾಗೆಯೇ ಬರೆಯುವ ಪ್ರಶ್ನೆಯಲ್ಲಿ ಪ್ರತಿ ಸರಿ ಪದಕ್ಕೂ ಅಂಕವಿದೆ, ಅದು ಬರವಣಿಗೆಗೂ ಸೇರುತ್ತದೆ ಎಂಬುದು ಇದಕ್ಕೆ ಒಂದು ಕಾರಣವಿರಬೇಕು. ಕನ್ನಡದಲ್ಲಿ 'ಎ', 'ದ' ಎಂಬ ಉಪಪದಗಳಿಲ್ಲದ್ದರಿಂದ ನನ್ನ ಕಿವಿ ಅವನ್ನು ಹಾರಿಸಿಬಿಡುತ್ತಿತ್ತು. ಎರಡು ವಾರ ಅದನ್ನೊಂದೇ ಅಭ್ಯಾಸ ಮಾಡಿದ್ದು ಫಲ ಕೊಟ್ಟಿತು. ಫಲಿತಾಂಶವೂ ಎರಡೇ ದಿನದಲ್ಲಿ ಬಂತು.

ಸಿ1 ಅಡ್ವಾನ್ಸ್ಡ್ ಬೇರೆಯೇ ಜಾತಿ. ಓದು ಮತ್ತು ಭಾಷಾಬಳಕೆಗೆ 90 ನಿಮಿಷ, 56 ಪ್ರಶ್ನೆ. ಕೊಟ್ಟ ವಾಕ್ಯದ ಅರ್ಥವನ್ನು, ಕೊಟ್ಟ ಪದವನ್ನು ಬದಲಿಸದೆ, ಮೂರರಿಂದ ಆರು ಪದಗಳಲ್ಲಿ ಮತ್ತೆ ಹೇಳುವ ಭಾಗವೊಂದು ಅದರಲ್ಲಿದೆ. ಉದಾಹರಣೆಗೆ 'ಐ ರಿಗ್ರೆಟ್ ನಾಟ್ ಟೇಕಿಂಗ್ ಹರ್ ಅಡ್ವೈಸ್' ಎಂಬುದನ್ನು 'ವಿಷ್' ಬಳಸಿ 'ಐ ವಿಷ್ ಐ ಹ್ಯಾಡ್ ಟೇಕನ್ ಹರ್ ಅಡ್ವೈಸ್' ಎಂದು ತಿರುಗಿಸಬೇಕು. ಅವಳ ಮಾತು ಕೇಳಿದ್ದರೆ ಚೆನ್ನಾಗಿತ್ತು ಎಂದು ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿಕೊಂಡರೆ 'ಹ್ಯಾಡ್' ಏಕೆ ಬೇಕೆಂಬುದು ತಾನಾಗಿ ಹೊಳೆಯುತ್ತಿತ್ತು. ಬಾಯಿಪಾಠದ ಚೌಕಟ್ಟುಗಳು ಇಲ್ಲಿ ನಡೆಯುವುದಿಲ್ಲ. ಮೂರರಲ್ಲಿ ನನ್ನ ಇಂಗ್ಲಿಷನ್ನು ನಿಜವಾಗಿ ತಿದ್ದಿದ್ದು ಇದೊಂದೇ. ಮಾತಿನ ಪರೀಕ್ಷೆಗೆ ಇಬ್ಬರು ಅಭ್ಯರ್ಥಿಗಳನ್ನು ಜೊತೆಗೂಡಿಸುತ್ತಾರೆ. ನನ್ನ ಜೊತೆಗಾರ ಬಾಯಿ ಮುಚ್ಚುವವನೇ ಅಲ್ಲ, ಅವನ ಮಾತಿನ ನಡುವೆ ಸಭ್ಯವಾಗಿ ನುಗ್ಗುವುದೇ ನನ್ನ ಪರೀಕ್ಷೆಯಾಯಿತು.

ಸಿ1 ಪ್ರಮಾಣಪತ್ರಕ್ಕೆ ಅವಧಿ ಮುಗಿಯುವುದಿಲ್ಲ. ಉಳಿದೆರಡರ ಫಲಿತಾಂಶವನ್ನು ಸಾಮಾನ್ಯವಾಗಿ ಎರಡು ವರ್ಷ ಮಾತ್ರ ಒಪ್ಪುತ್ತಾರೆ. ಆದರೂ ಮೊದಲ ಪರೀಕ್ಷೆಯಾಗಿ ಅದನ್ನು ಆರಿಸಬೇಡಿ ಎನ್ನುತ್ತೇನೆ, ಏಕೆಂದರೆ ಬ್ರಿಟನ್ ಸರ್ಕಾರ ವೀಸಾಕ್ಕೆ ಒಪ್ಪುವ ಇಂಗ್ಲಿಷ್ ಪರೀಕ್ಷೆಗಳ ಪಟ್ಟಿಯಲ್ಲಿ ಅದಿಲ್ಲ. ಆ ಪಟ್ಟಿಯ ಪ್ರಕಾರ ಬೇಕಾದಾಗ ಐಇಎಲ್‌ಟಿಎಸ್ ಆದರೂ ಸಾಮಾನ್ಯದ್ದು ಸಾಲದು, ಯುಕೆವಿಐ, ಅಂದರೆ ಬ್ರಿಟನ್ನಿನ ವೀಸಾ ವಿಭಾಗದ, ಹೆಸರಿನದ್ದನ್ನೇ ಕಾಯ್ದಿರಿಸಬೇಕು. ಇನ್ನೊಂದು ಮಾತು: ಐಇಎಲ್‌ಟಿಎಸ್ ಅನ್ನು ಕಂಪ್ಯೂಟರಿನಲ್ಲಿ ಬರೆದವರು 60 ದಿನದೊಳಗೆ ಒಂದೇ ವಿಭಾಗವನ್ನು ಮತ್ತೆ ಬರೆಯಬಹುದು, ಆದರೆ ಆ ಫಲಿತಾಂಶ ನಡೆಯುತ್ತದೆಯೇ ಎಂದು ವಿಶ್ವವಿದ್ಯಾಲಯವನ್ನು ಮೊದಲೇ ಕೇಳಬೇಕು. ನಾನು ಕಾಗದದಲ್ಲಿ ಬರೆದಿದ್ದೆ. ಹಾಗಾಗಿ ಅರ್ಧ ಅಂಕಕ್ಕಾಗಿ ಇನ್ನೊಂದು ಇಡೀ ಪರೀಕ್ಷೆಯ ಶುಲ್ಕ ಕಟ್ಟಿದೆ.

ಈಗ ಚಿಕ್ಕಮ್ಮನ ಮಗಳು ಯಾವುದನ್ನು ಬರೆಯಲಿ ಎಂದು ಕೇಳುತ್ತಿದ್ದಾಳೆ. ಯಾವುದಾದರೂ ಚಿತ್ರವನ್ನು 40 ಸೆಕೆಂಡು ವಿವರಿಸಿ ಫೋನಿನಲ್ಲಿ ಧ್ವನಿಮುದ್ರಿಸಿ ಕಳಿಸು ಎಂದಿದ್ದೆ. ಕಳಿಸಿದಳು: ಏಳು ಸಲ 'ಅಂದ್ರೆ', ಎರಡು ಸಲ ದೀರ್ಘ ಮೌನ, ಕೊನೆಯಲ್ಲಿ ನಗು. ಐಇಎಲ್‌ಟಿಎಸ್‌ಗೆ ಹೆಸರು ಹಚ್ಚಲು ಹೇಳಿದ್ದೇನೆ, ಕಂಪ್ಯೂಟರಿನಲ್ಲೇ.