ಬಸ್ಸು ನಿಲ್ಲಿಸಿದ ಅಂಗಡಿಯಲ್ಲಿ ಕುಕೂ ಗಡಿಯಾರ ಕೊಳ್ಳಬೇಡಿ

ಜರ್ಮನಿಗೆ ಗುಂಪು ಪ್ರವಾಸ ಹೊರಟವರು ಇದನ್ನು ಓದಿಕೊಂಡು ಹೋಗಿ. ಬ್ಲ್ಯಾಕ್ ಫಾರೆಸ್ಟ್ ಸೀಮೆಯಲ್ಲಿ ನಿಮ್ಮ ಬಸ್ಸು, ಗಂಟೆಗೊಮ್ಮೆ ಹಕ್ಕಿ ಹೊರಬಂದು ಕೂಗುವ ಕುಕೂ ಗಡಿಯಾರದ ಒಂದು ಅಂಗಡಿಯ ಮುಂದೆ ನಿಂತೇ ನಿಲ್ಲುತ್ತದೆ. ನೋಡಿ, ಕಾಫಿ ಕುಡಿಯಿರಿ, ಬನ್ನಿ. ಕೊಳ್ಳಲೇಬೇಕು ಅನ್ನಿಸಿದರೆ ಪೆಟ್ಟಿಗೆ ಬಿಚ್ಚಿಸಿ ನೋಡುವವರೆಗೆ ಹಣ ಕೊಡಬೇಡಿ. ಅಣ್ಣ 240 ಯೂರೊ ಕೊಟ್ಟು ಬೆಂಗಳೂರಿಗೆ ಹೊತ್ತು ತಂದದ್ದು ಬ್ಯಾಟರಿ ಗಡಿಯಾರ.

ಅಂಗಡಿಯ ಹುಡುಗಿ ತೋರಿಸಿದ್ದು ಮಾತ್ರ ಬ್ಯಾಟರಿ ಇಲ್ಲದೆ, ತೂಗುವ ಗುಂಡುಗಳ ಭಾರಕ್ಕೆ ನಡೆಯುವ ಅಪ್ಪಟ ಕೀಲುಯಂತ್ರವನ್ನೇ. ನಿಮಿಷದ ಮುಳ್ಳನ್ನು ಹನ್ನೆರಡಕ್ಕೆ ತಂದು ನಿಲ್ಲಿಸಿದಳು. ಪುಟ್ಟ ಬಾಗಿಲು ತೆರೆದು ಹಕ್ಕಿ ತಲೆ ಬಾಗಿಸುತ್ತಾ ಕೂಗಿತು. ಪಕ್ಕದ ಹಲಗೆ ತೆಗೆದು ಒಳಗಿನ ಎರಡು ತಿದಿಗಳನ್ನೂ ತೋರಿಸಿದಳು. ಅವು ಏರಿ ಇಳಿದಾಗ ಗಾಳಿ ಕೊಳವೆಗೆ ನುಗ್ಗುತ್ತದೆ, ‘ಕುಕೂ’ ಹೊರಡುವುದು ಅಲ್ಲಿಂದ. ಕೆಳಗೆ ಪೈನ್ ಕಾಯಿಯ ಆಕಾರದ ಎರಡು ಕಬ್ಬಿಣದ ಗುಂಡುಗಳು, ಕೈಯಲ್ಲಿ ಹಿಡಿದರೆ ಭಾರ ಗೊತ್ತಾಗುತ್ತದೆ. ಅಣ್ಣ ಮನಸೋತ. ‘ಗೋಡೆಯ ಮೇಲಿನದು ಬೇಡ ಸರ್, ಹೊಸದನ್ನೇ ಕೊಡುತ್ತೇನೆ’ ಎಂದು ಒಳಗಿನಿಂದ ಟೇಪ್ ಸುತ್ತಿದ ಪೆಟ್ಟಿಗೆ ತಂದುಕೊಟ್ಟಳು. ದಾರಿಯಲ್ಲಿ ಬಿಚ್ಚಿದರೆ ಸರಪಳಿ ಹಲ್ಲುಗಾಲಿಯಿಂದ ಜಾರಿಬಿಡುತ್ತದೆ, ಊರಿಗೆ ಹೋಗಿಯೇ ಬಿಚ್ಚಿ ಎಂಬ ಉಪದೇಶ ಬೇರೆ. ಕೀಲುಯಂತ್ರದ ಮಟ್ಟಿಗೆ ಆ ಮಾತು ನಿಜ. ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ.

ಮನೆಯಲ್ಲಿ ಮೊಳೆ ಹೊಡೆದು ತೂಗುಹಾಕಿದ ಮೇಲೆ ಬಣ್ಣ ಬಯಲಾಯಿತು. ಗುಂಡುಗಳು ಟೊಳ್ಳು ಪ್ಲಾಸ್ಟಿಕ್, ಸರಪಳಿ ಬರೀ ಅಲಂಕಾರಕ್ಕೆ. ಹಕ್ಕಿ ಕೂಗಿದಾಗ ಹಿನ್ನೆಲೆಯಲ್ಲಿ ತೊರೆ ಹರಿಯುವ ಸದ್ದೂ ಕೇಳಿಸಿತು! ಎಲೆಕ್ಟ್ರಾನಿಕ್ ಚಿಪ್ ಒಳಗೆ ತುಂಬಿಟ್ಟ ಧ್ವನಿ ಅದು. ರಾತ್ರಿ ದೀಪ ಆರಿಸಿದರೆ ಹಕ್ಕಿ ಸುಮ್ಮನಾಗುತ್ತದೆ, ಏಕೆಂದರೆ ಬೆಳಕು ಗುರುತಿಸುವ ಸೆನ್ಸರ್ ಇದೆ. ಇಂತಹ ಗಡಿಯಾರ ಮಾರುವುದು ತಪ್ಪಲ್ಲ, ಕಡಿಮೆ ಬೆಲೆಗೆ ಅದನ್ನೇ ಇಷ್ಟಪಟ್ಟು ಕೊಳ್ಳುವವರೂ ಇದ್ದಾರೆ. ಒಂದನ್ನು ತೋರಿಸಿ ಇನ್ನೊಂದನ್ನು ಕಟ್ಟಿಕೊಡುವುದು ಮೋಸ.

ಮಿಂಚಂಚೆ ಬರೆದೆವು. ಬಿಲ್ಲಿನಲ್ಲಿರುವ ಸಂಖ್ಯೆ ಬ್ಯಾಟರಿ ಮಾದರಿಯದೇ, ಮಾರಿದ್ದೂ ಅದನ್ನೇ ಎಂದು ಎರಡು ಸಾಲಿನ ಉತ್ತರ ಬಂತು. ಜರ್ಮನಿಯ ಅಂಗಡಿಯಲ್ಲಿ ನಿಂತು ಕೊಂಡ, ದೋಷವಿಲ್ಲದ ವಸ್ತುವನ್ನು ಹಿಂದಿರುಗಿಸುವ ಹಕ್ಕು ಕಾನೂನಿನಲ್ಲಿ ಇಲ್ಲ. ವಾಪಸು ತೆಗೆದುಕೊಳ್ಳುವುದು ಅಂಗಡಿಯವರ ಔದಾರ್ಯ. ಹದಿನಾಲ್ಕು ದಿನಗಳ ಅವಕಾಶ ಆನ್‌ಲೈನ್ ಖರೀದಿಗೆ ಇರುವಂಥದ್ದು. ಹೇಳಿದ್ದು ಬಿಟ್ಟು ಬೇರೆ ಸರಕು ಕೊಟ್ಟರೆ ಕಾನೂನು ನಮ್ಮ ಪರವಾಗಿದೆ ನಿಜ, ಆದರೆ ಬಾಯಿಮಾತನ್ನು ಬೆಂಗಳೂರಿನಲ್ಲಿ ಕುಳಿತು ಸಾಬೀತು ಮಾಡುವುದು ಹೇಗೆ? ಆದ್ದರಿಂದ ‘ಕೀಲುಯಂತ್ರದ ಗಡಿಯಾರ’ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ‘ಫೌ ಡೇ ಎಸ್’ (VdS) ಎಂಬ ಪ್ರಮಾಣಪತ್ರವನ್ನೂ ಕೇಳಿ. ಬ್ಲ್ಯಾಕ್ ಫಾರೆಸ್ಟ್ ಗಡಿಯಾರ ತಯಾರಕರ ಸಂಘ ಅದನ್ನು ಕೊಡುವುದು ಆ ಸೀಮೆಯಲ್ಲೇ ತಯಾರಾದ ಕೀಲುಯಂತ್ರದ ಗಡಿಯಾರಗಳಿಗೆ ಮಾತ್ರ. ಗೋಡೆಗೆ ಚೌಕಟ್ಟು ಹಾಕಿ ತೂಗುಬಿಟ್ಟ ಪ್ರಮಾಣಪತ್ರ ನಿಮ್ಮ ಪೆಟ್ಟಿಗೆಯೊಳಗಿನ ವಸ್ತುವಿಗೆ ಅನ್ವಯಿಸುವುದಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಕಾರ್ಡ್ ಯಂತ್ರ ‘ಯೂರೊನೋ, ರೂಪಾಯಿಯೋ’ ಎಂದು ಕೇಳುತ್ತದೆ. ಗಲ್ಲಾಪೆಟ್ಟಿಗೆಯವನು ನಮ್ಮನ್ನು ಕೇಳದೆ ರೂಪಾಯಿ ಒತ್ತಿದ. ಮೊತ್ತ ನಮ್ಮ ದುಡ್ಡಿನಲ್ಲೇ ಕಾಣುತ್ತದಲ್ಲ ಎಂದು ಹಿತವೆನಿಸುತ್ತದೆ, ಆದರೆ ಆ ವಿನಿಮಯ ದರ ನಿಗದಿ ಮಾಡುವವರು ನಮ್ಮ ಬ್ಯಾಂಕಿನವರಲ್ಲ. ಯೂರೊ ಒಂದಕ್ಕೆ ಐದು ರೂಪಾಯಿ ಹೆಚ್ಚು ಬಿದ್ದರೂ 240 ಯೂರೊಗೆ 1200 ರೂಪಾಯಿ ಸುಮ್ಮನೆ ಹೋಯಿತು. ಯಂತ್ರವನ್ನು ನಿಮ್ಮ ಕಡೆಗೆ ತಿರುಗಿಸಿಕೊಂಡು ಯೂರೊವನ್ನೇ ಒತ್ತಿ.

ಇನ್ನು ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬಂದ ಪ್ರವಾಸಿಗರಿಗೆ ಸಿಗುವ ತೆರಿಗೆ ವಾಪಸಾತಿ ಎಂಬ ಆಮಿಷ. ‘ಶೇ 19 ಹಿಂದಕ್ಕೆ ಬರುತ್ತದೆ’ ಎಂದು ಗೈಡ್ ಬಸ್ಸಿನಲ್ಲೇ ಘೋಷಿಸಿದ್ದ. ಲೆಕ್ಕ ಹಾಕಿ ನೋಡಿ. ಆ 19 ಇರುವುದು ತೆರಿಗೆ ಸೇರುವ ಮುಂಚಿನ ಬೆಲೆಯ ಮೇಲೆ; 240 ಯೂರೊದಲ್ಲಿ ಅಡಗಿರುವ ತೆರಿಗೆ 38 ಯೂರೊ ಚಿಲ್ಲರೆ. ಅದರಲ್ಲಿ ಮರುಪಾವತಿ ಮಾಡುವ ಕಂಪನಿ ತನ್ನ ಪಾಲು ಮುರಿದುಕೊಂಡು ಉಳಿದದ್ದನ್ನು ಕೊಡುತ್ತದೆ. ನಮಗಂತೂ ಅದೂ ಸಿಗಲಿಲ್ಲ. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ‘ಮೊದಲು ಲಗೇಜ್ ಕೊಟ್ಟುಬಿಡಿ, ಕಸ್ಟಮ್ಸ್ ಒಳಗಿದೆ’ ಎಂದು ಅದೇ ಗೈಡ್ ಅವಸರಪಡಿಸಿದ. ಒಳಗಿನ ಕೌಂಟರ್ ಕೈಚೀಲದಲ್ಲಿರುವ ವಸ್ತುಗಳಿಗೆ. ಗಡಿಯಾರ ಸೂಟ್‌ಕೇಸಿನಲ್ಲಿ ಆಗಲೇ ವಿಮಾನದ ಹೊಟ್ಟೆ ಸೇರುವ ದಾರಿಯಲ್ಲಿತ್ತು. ವಸ್ತು ಕಾಣದೆ ಅಧಿಕಾರಿ ತೆರಿಗೆ ವಾಪಸಾತಿಯ ಫಾರಂ ಮೇಲೆ ಮುದ್ರೆ ಒತ್ತಲಿಲ್ಲ, ಅವರದೇನೂ ತಪ್ಪಿಲ್ಲ. ಸರಿಯಾದ ಕ್ರಮ ಹೀಗೆ: ಚೆಕ್‌ಇನ್ ಕೌಂಟರಿನಲ್ಲಿ ‘ಕಸ್ಟಮ್ಸ್‌ಗೆ ತೋರಿಸಬೇಕು’ ಎಂದು ಹೇಳಿ, ಚೀಟಿ ಅಂಟಿಸಿದ ಸೂಟ್‌ಕೇಸನ್ನು ವಾಪಸು ಪಡೆದು, ಕಸ್ಟಮ್ಸ್‌ಗೆ ಒಯ್ದು ಮುದ್ರೆ ಹಾಕಿಸಿಕೊಂಡು ಅಲ್ಲೇ ಲಗೇಜ್ ಒಪ್ಪಿಸುವುದು. ವಸ್ತು ಬಳಸಿರಬಾರದು, ಒಂದು ಅಂಗಡಿಯ ಖರೀದಿ 50 ಯೂರೊ ಮೀರಿರಬೇಕು. ಜರ್ಮನಿಯಲ್ಲೇ ನೆಲೆಸಿರುವ ಮಗ, ಸೊಸೆಯ ಹೆಸರಿನಲ್ಲಿ ಫಾರಂ ತುಂಬಿಸಿದರೆ ಅದು ನಡೆಯುವುದಿಲ್ಲ.

ಗೈಡನ್ನು ಯಾಕೆ ಇಷ್ಟು ಬೈಯುತ್ತೀರಿ ಎಂದು ಅತ್ತಿಗೆಯೇ ಕೇಳಿದರು. ಮೈಸೂರಿಗೆ ಬಂದವರನ್ನು ಆಟೋದವರು ‘ನಮಗೆ ಗೊತ್ತಿರುವ’ ರೇಷ್ಮೆ ಅಂಗಡಿಗೇ ಕರೆದೊಯ್ಯುವ ವ್ಯವಹಾರ ನಮಗೆ ಹೊಸದೇನಲ್ಲ. ಸಿಟ್ಟು ಬಂದದ್ದು ಬೇರೆ ಅಂಗಡಿಗೆ ಹೋಗಲು ಬಿಡುವನ್ನೇ ಕೊಡಲಿಲ್ಲ ಎಂಬುದಕ್ಕೆ. ಅದು ಭಾನುವಾರ ಬೇರೆ. ಅಂದು ಜರ್ಮನಿಯಲ್ಲಿ ಅಂಗಡಿಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ, ಪ್ರವಾಸಿ ಊರುಗಳು ಮತ್ತು ರೈಲು ನಿಲ್ದಾಣಗಳಂಥ ಕಡೆ ವಿನಾಯಿತಿ. ಬೆಲೆ ಹೋಲಿಸಿ ನೋಡಬೇಕೆಂದರೆ ವಾರದ ದಿನವೇ ಆಗಬೇಕು.

ಮ್ಯೂನಿಕ್‌ನಲ್ಲಿ ಅತ್ತಿಗೆ ಮಗಳಿಗೆ ಡಿರ್ಂಡ್ಲ್ ಎಂಬ ಅಲ್ಲಿನ ಸಾಂಪ್ರದಾಯಿಕ ಉಡುಪು ನೋಡಿದರು. ಹೊರಗಿನ ಫಲಕದಲ್ಲಿ ಬವೇರಿಯಾದ ಹೆಸರು, ಒಳಗಿನ ಪಟ್ಟಿಯಲ್ಲಿ ಪಾಲಿಯೆಸ್ಟರ್. ತೂಗುಹಾಕಿದ ಬೆಲೆ ನಿಲುವಂಗಿಯದಷ್ಟೇ, ಒಳಗೆ ತೊಡುವ ಬಿಳಿ ರವಿಕೆಗೆ ಬೇರೆ ದುಡ್ಡು. ಹತ್ತಿಯ ಬಟ್ಟೆ ಬೇಕಾದವರು ಮೊದಲು ಒಳಪಟ್ಟಿ ಓದಿ, ಆಮೇಲೆ ಅಳತೆ ನೋಡಿ: ಜರ್ಮನಿಯ 38 ಫ್ರಾನ್ಸಿನಲ್ಲಿ 40, ಇಟಲಿಯಲ್ಲಿ 44. ಮೂರು ದೇಶ ಸುತ್ತುವ ಪ್ರವಾಸದಲ್ಲಿ ಒಂದೇ ಸಂಖ್ಯೆ ನೆಚ್ಚಿಕೊಂಡರೆ ಕೆಟ್ಟಿರಿ. ನಾವು ತಂದದ್ದರಲ್ಲಿ ಚೆನ್ನಾಗಿರುವುದು ಅಡುಗೆಮನೆಯ ಚಾಕು ಒಂದೇ. ಅಲಗಿನ ಮೇಲೆ ‘ಸೋಲಿಂಗನ್’ ಎಂದು ಕೊರೆದಿದೆ. 1938ರಿಂದಲೂ ಆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಇದೆ, ಬೇರೆಲ್ಲೋ ತಯಾರಿಸಿ ಆ ಹೆಸರು ಹಾಕುವಂತಿಲ್ಲ. ಚಾಕನ್ನು ಮಾತ್ರ ಕೈಚೀಲದಲ್ಲಿ ಇಡಬೇಡಿ, ಭದ್ರತಾ ತಪಾಸಣೆಯಲ್ಲಿ ಕಿತ್ತುಕೊಳ್ಳುತ್ತಾರೆ.