"ಎಲ್ಲಾ ಯುನಿಕ್ಸ್‌ನಲ್ಲೂ ಓಡುತ್ತೆ" ಅಂದರೆ ದಯವಿಟ್ಟು ನಂಬಬೇಡಿ

ನಮ್ಮ ಲೆಕ್ಕದ ವರದಿ ಬರೆಯುವ ಸಿ ಪ್ರೋಗ್ರಾಮನ್ನು ಹಳೆಯ ಸೋಲಾರಿಸ್ ಮತ್ತು ಎಚ್‌ಪಿ-ಯುಎಕ್ಸ್ 11 (ಎರಡೂ ಯುನಿಕ್ಸ್ ಜಾತಿಯ ಓಎಸ್‌ಗಳು) ಮೆಷಿನ್‌ಗಳಿಗೆ ಹೊಂದಿಸಿಕೊಡಿ ಅಂತ ಹೊರಗಿನ ಒಂದು ತಂಡಕ್ಕೆ ಕೊಟ್ಟಿದ್ದೆ. ಆ ಮೆಷಿನ್‌ಗಳ ಮೇಲೆ ಓಡಿಸಿ ನೋಡಿದ್ದೀರಾ ಅಂತ ಎರಡು ಸಲ ಕೇಳಿದೆ. "ನೋಡಿದ್ದೇವೆ, ಎಲ್ಲಾ ಯುನಿಕ್ಸ್‌ನಲ್ಲೂ ಓಡುತ್ತೆ" ಅಂದರು. ಎರಡು ಸಲವೂ ಅದೇ ಉತ್ತರ.

ಮೊದಲ ದಿನವೇ ಸೋಲಾರಿಸ್‌ನಲ್ಲಿ ಕೋರ್ ಡಂಪ್, ಅಂದರೆ ಪ್ರೋಗ್ರಾಮ್ ಅರ್ಧಕ್ಕೇ ಕ್ರ್ಯಾಶ್. ಯಾವುದೋ ಕಾಲಂ ಖಾಲಿ ಇದ್ದರೆ ನಲ್ ಪಾಯಿಂಟರ್ (ಎಲ್ಲಿಗೂ ತೋರಿಸದ ಖಾಲಿ ವಿಳಾಸ) ನೇರವಾಗಿ %ಎಸ್‌ಗೆ, ಅಂದರೆ ಪಠ್ಯ ಬರೆಯುವ ಜಾಗಕ್ಕೆ, ಹೋಗುತ್ತಿತ್ತು. ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿ ಆ ಜಾಗದಲ್ಲಿ ಸುಮ್ನೆ "ನಲ್" ಅಂತ ಬರೆದು ಮುಂದೆ ಹೋಗುತ್ತದೆ, ಈ ಹಳೆಯ ಸೋಲಾರಿಸ್‌ನಲ್ಲಿ ಪ್ರೋಗ್ರಾಮ್ ಅಲ್ಲೇ ಸಾಯುತ್ತದೆ. ಇದು ಹಳೇ ಕಥೆ, ಪೋರ್ಟಿಂಗ್ (ಒಂದು ಓಎಸ್‌ನಿಂದ ಇನ್ನೊಂದಕ್ಕೆ ಹೊಂದಿಸುವ ಕೆಲಸ) ಮಾಡುವವರಿಗೆ ಗೊತ್ತಿರಲೇಬೇಕು ಅಲ್ವಾ? ಬಂದ ಉತ್ತರ: "ನಿಮ್ಮ ಡೇಟಾ ಸರಿ ಇಲ್ಲ." ಆಗಲೇ ಎಚ್ಚರ ಆಗಬೇಕಿತ್ತು. ಆಗಲಿಲ್ಲ.

ಎಚ್‌ಪಿ-ಯುಎಕ್ಸ್‌ನಲ್ಲಿ ಏನೂ ಕ್ರ್ಯಾಶ್ ಆಗಲಿಲ್ಲ. ವರದಿಗಳು ಬಂದವು, ಎಲ್ಲ ಸರಿ ಇದೆ ಅಂತ ಮೇಲಿನವರಿಗೆ ನಾನೇ ಹೇಳಿದೆ. ಎರಡು ವಾರ ಆದ ಮೇಲೆ ಲೆಕ್ಕ ನೋಡುವವರು ಒಂದು ಹಾಳೆ ತಂದು ಮೇಜಿನ ಮೇಲಿಟ್ಟರು. 45210 ಇರಬೇಕಾದ ಕಡೆ 4521. ಕೊನೆಯ ಅಂಕಿ ಇಲ್ಲ. ಪಕ್ಕದ ಷರಾ ಕೂಡ ಇಲ್ಲ. ಎಲ್ಲರ ಎದುರಿಗೆ ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ರಾತ್ರಿ ಕೂತು ಕೋಡ್ ತೆರೆದೆ. ಪ್ರತಿ ಕಾಲಂಗೂ ಎಸ್‌ಎನ್‌ಪ್ರಿಂಟ್‌ಎಫ್ (ಬಫರ್ ಅನ್ನುವ ಅಳತೆಯ ಜಾಗದೊಳಗೆ ಪಠ್ಯ ಬರೆಯುವ ಸಿ ಫಂಕ್ಷನ್) ಕರೆದು, ಅದು ವಾಪಸ್ ಕೊಟ್ಟ ಸಂಖ್ಯೆಯನ್ನು ಕಣ್ಣುಮುಚ್ಚಿ ಪೊಸಿಷನ್‌ಗೆ, ಅಂದರೆ ಮುಂದೆ ಬರೆಯಬೇಕಾದ ಜಾಗದ ಲೆಕ್ಕಕ್ಕೆ, ಕೂಡಿಸಿದ್ದಾರೆ. ಜಾಗ ಸಾಲದಿದ್ದರೆ ಎಷ್ಟು ಅಕ್ಷರ ಬೇಕಿತ್ತು ಅಂತ ಹೇಳಬೇಕು ಅನ್ನುವುದು ಸಿ99ರ (1999ರ ಸಿ ಸ್ಟ್ಯಾಂಡರ್ಡ್) ನಿಯಮ. ಈ ಎಚ್‌ಪಿ-ಯುಎಕ್ಸ್ ಮೆಷಿನ್ ಕೊಡುವುದು -1. ಷರಾ ಉದ್ದ ಆದರೆ ಪೊಸಿಷನ್ ಒಂದು ಹೆಜ್ಜೆ ಹಿಂದೆ ಬರುತ್ತದೆ, ಮೊತ್ತದ ಕೊನೆಯ ಅಂಕಿಯ ಮೇಲೇ ಹೊಸ ಸಾಲಿನ ಗುರುತು ಬೀಳುತ್ತದೆ. ವಾಪಸ್ ಬಂದ ಸಂಖ್ಯೆ ಸರಿ ಇದೆಯಾ ಅಂತ ನೋಡುವ ಒಂದೇ ಒಂದು ಇಫ್ ಹಾಕಿದ್ದರೆ ಸಾಕಿತ್ತು. ಒಂದೇ ಒಂದು!

ಅವರ ಉತ್ತರ ನೋಡಿ. "ನಮ್ಮ ಲಿನಕ್ಸ್‌ನಲ್ಲಿ ಸರಿಯಾಗಿ ಬರುತ್ತಿದೆ." ಬರದೇ ಏನು, ಅವರ ಟೆಸ್ಟ್ ಡೇಟಾದಲ್ಲಿ ಇದ್ದ ಷರಾ ಎಲ್ಲ ಎರಡು ಮೂರು ಪದದ್ದು. ಉದ್ದದ್ದು ಕೊಟ್ಟಿದ್ದರೆ ಅಲ್ಲಿ ಬಫರ್ ದಾಟಿ ಬರೆಯುತ್ತಿತ್ತು, ಅದು ಇನ್ನೂ ಕೆಟ್ಟದ್ದು. ಆಮೇಲೆ ಬಂದದ್ದು: "ನಿಮ್ಮ ಓಎಸ್ ಹಳೆಯದು, ಅಪ್‌ಗ್ರೇಡ್ ಮಾಡಿ." ಹಳೆಯದು ಅಂತಲೇ ಅಲ್ವಾ ಕೆಲಸ ಕೊಟ್ಟಿದ್ದು? ಎಚ್‌ಪಿ-ಯುಎಕ್ಸ್ ಮೆಷಿನ್ ಅವರ ಹತ್ತಿರ ಇರಲೇ ಇಲ್ಲ ಅಂತ ಕೊನೆಗೆ ಅವರಲ್ಲೇ ಒಬ್ಬರು ಒಪ್ಪಿಕೊಂಡರು. ನೋಡಿದ್ದೇವೆ ಅಂದಿದ್ದರು. ಎರಡು ಸಲ ಅಂದಿದ್ದರು.

ಎಸ್‌ಎನ್‌ಪ್ರಿಂಟ್‌ಎಫ್ ಸಿ ಸ್ಟ್ಯಾಂಡರ್ಡ್‌ಗೆ ಬಂದದ್ದೇ 1999ರಲ್ಲಿ. ಅದಕ್ಕೂ ಮುಂಚಿನ ಲೈಬ್ರರಿಗಳಲ್ಲಿ ಒಂದೊಂದರದು ಒಂದೊಂದು ದಾರಿ. ಜಿಲಿಬ್‌ಸಿ ಕೂಡ ಆವೃತ್ತಿ 2.0.6ರ ತನಕ -1 ಕೊಡುತ್ತಿತ್ತು, 2.1ರಿಂದ ಸರಿ ಹೋಯಿತು. ಲಿನಕ್ಸ್‌ನ ಇನ್ನೂ ಹಳೆಯ ಸಿ ಲೈಬ್ರರಿ ಲಿಬ್‌ಸಿ4 ಜೊತೆ ಬರುತ್ತಿದ್ದ ಲಿಬ್‌ಬಿಎಸ್‌ಡಿ ಅನ್ನುವ ಲೈಬ್ರರಿಯಲ್ಲಂತೂ ಬಫರಿನ ಅಳತೆ ಕೊಟ್ಟರೂ ಅದನ್ನು ನೋಡುತ್ತಲೇ ಇರಲಿಲ್ಲ.

ಹಾಗಾಗಿ ಹಣ ಕೊಡುವ ಮೊದಲು ನಾಲ್ಕು ಬೈಟ್ ಬಫರಿಗೆ ಹತ್ತು ಅಕ್ಷರ ಬರೆಸಿ, ವಾಪಸ್ ಏನು ಬರುತ್ತದೆ ನೋಡಿ. ನಿಮ್ಮ ಮೆಷಿನ್ ಮೇಲೆ, ನಿಮ್ಮ ಕಣ್ಣೆದುರಿಗೆ, ಅವರ ಕೈಯಲ್ಲೇ ಮಾಡಿಸಿ. ನಾನು ಮಾಡಿಸಲಿಲ್ಲ. ಎರಡು ವಾರದ ವರದಿಗಳನ್ನು ಈಗ ಒಂದೊಂದೇ ಸಾಲು ಕೈಯಲ್ಲಿ ಹೋಲಿಸುತ್ತಿದ್ದೇನೆ. ಅವರಿಂದ ನಿನ್ನೆ ಬಂದ ಮೇಲ್‌ನಲ್ಲಿ ಇದ್ದದ್ದು ಒಂದೇ ಸಾಲು, ಬಾಕಿ ಹಣ ಯಾವಾಗ ಕಳಿಸುತ್ತೀರಿ ಅಂತ.